ಹೀಟರ್‌ನಿಂದ ತಣ್ಣನೆಯ ಗಾಳಿ ಬಂದಾಗ ನೆರವಾದ ಇನ್‌ಫ್ರಾರೆಡ್ ಥರ್ಮಾಮೀಟರ್: ಹಲವು ವರ್ಷಗಳ ಬಳಕೆಯ ನಂತರ

ಕಾರಿನ ಹೀಟರ್‌ನಿಂದ ತಣ್ಣನೆಯ ಗಾಳಿ ಬರುತ್ತಿದೆ ಎಂದರೆ ಮೊದಲು ಸಿಗುವ ಸಲಹೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ಅದನ್ನು ತಂಪಾಗಿಸುವ ದ್ರವವಾದ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್) ಬದಲಿಸಿ ಎಂಬುದು. ಅದು ನಿಜವೋ ಅಲ್ಲವೋ ಎಂಬುದನ್ನು ಬಿಡಿಭಾಗ ಕೊಳ್ಳುವ ಮುನ್ನವೇ ತಿಳಿಯಬಹುದು. ಮುಟ್ಟದೆಯೇ ತಾಪ ಅಳೆಯುವ, ಪಿಸ್ತೂಲಿನ ಆಕಾರದ ಈ ಸಾಧಾರಣ ಇನ್‌ಫ್ರಾರೆಡ್ ಥರ್ಮಾಮೀಟರನ್ನು ನಾನು ಹಲವು ವರ್ಷಗಳಿಂದ ಮುಖ್ಯವಾಗಿ ಆ ಕೆಲಸಕ್ಕೇ ಬಳಸುತ್ತಿದ್ದೇನೆ.

ಹೀಟರ್‌ಗೆ ತನ್ನದೇ ಶಾಖವಿಲ್ಲ. ಎಂಜಿನ್‌ನಲ್ಲಿ ಬಿಸಿಯಾದ ಕೂಲೆಂಟ್ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಎಂಬ ಚಿಕ್ಕ ರೇಡಿಯೇಟರ್‌ನಲ್ಲಿ ಹರಿಯುತ್ತದೆ, ಬ್ಲೋವರ್ ಅದರ ಮೂಲಕ ಗಾಳಿಯನ್ನು ತಳ್ಳುತ್ತದೆ. ಆ ಕೋರ್‌ಗೆ ಹೋಗಿಬರುವ ಎರಡು ರಬ್ಬರ್ ಹೋಸ್‌ಗಳು ಎಂಜಿನ್ ಕಡೆಯಿಂದಲೇ ಕಾಣುತ್ತವೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಹೀಟರನ್ನು ಗರಿಷ್ಠ ಬಿಸಿಗೆ ಇಟ್ಟು, ಬೆಲ್ಟ್ ಮತ್ತು ಫ್ಯಾನ್‌ಗಳಿಂದ ಕೈಯನ್ನು ದೂರವಿರಿಸಿ ಈ ಎರಡನ್ನೂ ಅಳೆದರೆ ದೋಷ ಯಾವ ಕಡೆಗಿದೆ ಎಂಬುದು ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ. ಎರಡೂ ಚೆನ್ನಾಗಿ ಬಿಸಿಯಾಗಿದ್ದರೆ ಕೂಲೆಂಟ್ ಹರಿಯುತ್ತಿದೆ ಎಂದರ್ಥ; ಆಗ ಬಿಸಿ ಮತ್ತು ತಂಪು ಗಾಳಿಯನ್ನು ಬೆರೆಸುವ ಫ್ಲಾಪ್ ಅಥವಾ ಅದನ್ನು ತಿರುಗಿಸುವ ಮೋಟಾರನ್ನು ಪರೀಕ್ಷಿಸಬೇಕು. ಒಳಹೋಗುವ ಹೋಸ್ ಬಿಸಿಯಾಗಿದ್ದು ಹಿಂದಿರುಗುವುದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿರಬಹುದು, ಇಲ್ಲವೇ ಹೀಟರ್ ವಾಲ್ವ್ ಇರುವ ವಾಹನಗಳಲ್ಲಿ ಅದು ತೆರೆಯದಿರಬಹುದು. ಎಷ್ಟು ದೂರ ಓಡಿಸಿದರೂ ಎರಡೂ ಉಗುರುಬೆಚ್ಚಗೇ ಉಳಿದು, ತಾಪದ ಮುಳ್ಳೂ ಮೇಲೇರದಿದ್ದರೆ ಮಾತ್ರ ತೆರೆದೇ ಉಳಿದ ಥರ್ಮೋಸ್ಟಾಟಿನ ಮೇಲೆ ಬಲವಾದ ಅನುಮಾನ ಬರಬೇಕು.

ನನ್ನ ಕಾರಿನಲ್ಲಿ ವೇಗವಾಗಿ ಹೋಗುವಾಗ ಬಿಸಿ ಗಾಳಿ ಬಂದು, ನಿಂತ ಕೂಡಲೇ ತಣ್ಣಗಾಗುತ್ತಿತ್ತು. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ) ಒಳಹೋಗುವ ಹೋಸಿನ ತಾಪವೇ ಇಳಿಯುತ್ತಿದ್ದುದನ್ನೂ ಆಕ್ಸಿಲರೇಟರ್ ಒತ್ತಿದರೆ ಮತ್ತೆ ಏರುತ್ತಿದ್ದುದನ್ನೂ ಥರ್ಮಾಮೀಟರ್ ತೋರಿಸಿತು. ಕೂಲೆಂಟ್ ಕಡಿಮೆಯಾಗಿ ಕೊಳವೆಗಳಲ್ಲಿ ಗಾಳಿ ಸೇರಿಕೊಂಡಾಗ ಕಾಣುವ ಲಕ್ಷಣವಿದು. ಎಂಜಿನ್ ಪೂರ್ತಿ ತಣಿದ ಬಳಿಕ ಮುಚ್ಚಳ ತೆರೆದು (ಬಿಸಿಯಿರುವಾಗ ತೆರೆದರೆ ಒತ್ತಡದಲ್ಲಿರುವ ಕೂಲೆಂಟ್ ಚಿಮ್ಮಿ ಸುಟ್ಟಗಾಯವಾಗುತ್ತದೆ) ಕೂಲೆಂಟ್ ತುಂಬಿ, ಗಾಳಿಯನ್ನು ಹೊರಹಾಕಿ, ಸೋರುತ್ತಿದ್ದ ಹೋಸ್ ಕ್ಲಾಂಪ್ ಬದಲಿಸಿದ ಮೇಲೆ ಹೀಟರ್ ಸರಿಹೋಯಿತು. ಥರ್ಮೋಸ್ಟಾಟನ್ನು ಮುಟ್ಟಬೇಕಾಗಲಿಲ್ಲ.

ಉಪಕರಣದ ಮಿತಿಗಳನ್ನೂ ಅರಿತಿರಬೇಕು. ಇದು ಅಳೆಯುವುದು ಮೇಲ್ಮೈಯ ತಾಪವನ್ನು ಮಾತ್ರ. ಕಪ್ಪು ರಬ್ಬರಿನ ಮೇಲೆ ನಂಬಬಹುದಾದ ಅಂಕಿ ಕೊಡುತ್ತದೆ, ಆದರೆ ಹೊಳೆಯುವ ಅಲ್ಯೂಮಿನಿಯಂ ಶಾಖವನ್ನು ಕಡಿಮೆ ಹೊರಸೂಸುವುದರಿಂದ ಬಿಸಿ ಲೋಹವೂ ತಣ್ಣಗಿರುವಂತೆ ತೋರುತ್ತದೆ. ಅಂಥಲ್ಲಿ ಕಪ್ಪು ಟೇಪ್ ಅಂಟಿಸಿ, ಟೇಪ್ ಬಿಸಿಯಾದ ಮೇಲೆ ಅದರ ಮೇಲೆಯೇ ಅಳೆಯುತ್ತೇನೆ. ನನ್ನದು 12:1 ಅನುಪಾತದ್ದು, ಅಂದರೆ 12 ಸೆಂಟಿಮೀಟರ್ ದೂರದಿಂದ ಸುಮಾರು 1 ಸೆಂಟಿಮೀಟರ್ ಅಗಲದ ಜಾಗದ ಸರಾಸರಿಯನ್ನು ಹೇಳುತ್ತದೆ. ಹಿಂದೆ ಸರಿದಷ್ಟೂ ಪಕ್ಕದ ಭಾಗಗಳ ತಾಪವೂ ಸೇರಿಕೊಳ್ಳುವುದರಿಂದ ಹೋಸಿನ ಹತ್ತಿರದಿಂದಲೇ ಅಳೆಯುವುದು ಲೇಸು. ಕಿಂಡಿಯಿಂದ ಬರುವ ಗಾಳಿಯ ತಾಪವನ್ನಂತೂ ಇದು ನೇರವಾಗಿ ಅಳೆಯಲಾರದು. ಅದಕ್ಕೆ ಸೂಜಿಯಂಥ ಪ್ರೋಬ್ ಥರ್ಮಾಮೀಟರ್ ಬೇಕು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಇಷ್ಟು ವರ್ಷಗಳಲ್ಲಿ ಬ್ಯಾಟರಿ ಬದಲಿಸುವುದರ ಹೊರತು ಬೇರೆ ದುರಸ್ತಿ ಬೇಕಾಗಿಲ್ಲ. ಒಂದು ಅಂಕ ಕಳೆದಿರುವುದು ಲೋಹಕ್ಕೆ ತಕ್ಕಂತೆ ಹೊರಸೂಸುವಿಕೆಯ ಮೌಲ್ಯವನ್ನು ಹೊಂದಿಸಿಕೊಳ್ಳುವ ಸೌಲಭ್ಯ ಈ ಮಾದರಿಯಲ್ಲಿ ಇಲ್ಲವೆಂಬ ಕಾರಣಕ್ಕೆ. ಹೊಸದಾಗಿ ಕೊಳ್ಳುವವರು ಆ ಸೌಲಭ್ಯವಿರುವುದನ್ನೇ ಆರಿಸಿಕೊಳ್ಳಲಿ.