ಹತ್ತು ದಿನದ ಮೌನ: ಎಂಟು ತಿಂಗಳ ನಂತರದ ಲೆಕ್ಕ

ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ಹತ್ತು ದಿನಗಳ ವಿಪಶ್ಯನ ಧ್ಯಾನ ಶಿಬಿರವನ್ನು ಮುಗಿಸಿ ಎಂಟು ತಿಂಗಳಾದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಬಂದ ವಾರದಲ್ಲೇ ಬರೆದಿದ್ದರೆ ಬರೀ ಹೊಗಳಿಕೆಯಾಗುತ್ತಿತ್ತು, ಮತ್ತು ಅದರಲ್ಲಿ ಅರ್ಧ ಪಾಲು ಮನೆಯ ಊಟಕ್ಕೆ ಮರಳಿದ ಸಂತೋಷವೇ ಆಗಿರುತ್ತಿತ್ತು.

ಬರ್ಮಾದ ಮಾಂಡಲೆಯಲ್ಲಿ 1924ರಲ್ಲಿ ಹುಟ್ಟಿದ ಗೋಯೆಂಕಾ, ಅಲ್ಲಿನ ಧ್ಯಾನಗುರು ಸಯಾಜಿ ಊ ಬಾ ಖಿನ್ ಅವರಿಂದ ಕಲಿತ ಈ ಪದ್ಧತಿಯನ್ನು 1969ರಿಂದ ಭಾರತದಲ್ಲಿ ಕಲಿಸತೊಡಗಿದರು. ಅವರು 2013ರಲ್ಲಿ ತೀರಿಕೊಂಡರೂ ಸೂಚನೆಗಳು ಇಂದಿಗೂ ಅವರದೇ ಧ್ವನಿಮುದ್ರಣದಲ್ಲಿ ಬರುತ್ತವೆ. ಮಹಾರಾಷ್ಟ್ರದ ಇಗತ್ಪುರಿಯಲ್ಲಿ ದೊಡ್ಡ ಕೇಂದ್ರವಿದೆ. ಬೆಂಗಳೂರಿನವರಿಗೆ ತುಮಕೂರು ರಸ್ತೆಯ ಕಡೆ ಆಲೂರಿನ ಧಮ್ಮ ಪಫುಲ್ಲ ಕೇಂದ್ರ ಹತ್ತಿರ. ಶುಲ್ಕವಿಲ್ಲ. ಶಿಬಿರವನ್ನು ಪೂರ್ತಿ ಮಾಡಿದವರಿಂದ ಮಾತ್ರ ದಾನ ಸ್ವೀಕರಿಸುತ್ತಾರೆ.

ಬೆಳಗಿನ ನಾಲ್ಕಕ್ಕೆ ಗಂಟೆ, ಹನ್ನೊಂದಕ್ಕೆ ಊಟ, ಸಂಜೆ ಐದಕ್ಕೆ ಹೊಸಬರಿಗೆ ಹಣ್ಣು ಮತ್ತು ಚಹಾ, ಅಲ್ಲಿಗೆ ದಿನದ ಆಹಾರ ಮುಗಿಯಿತು. ಫೋನು, ಪುಸ್ತಕ ಇಲ್ಲ. ಮಾತು, ಸನ್ನೆ ಯಾವುದೂ ಇಲ್ಲದ ನಿಯಮಕ್ಕೆ ಆರ್ಯ ಮೌನವೆಂದು ಹೆಸರು. ಬಾಯಿ ಮುಚ್ಚಿಕೊಂಡಿರುವುದು ನಾನು ಹೆದರಿದ್ದಷ್ಟು ಕಷ್ಟವಾಗಲಿಲ್ಲ. ಆದರೆ ಮೂಗಿನ ಹೊಳ್ಳೆಯ ಕೆಳಗೆ, ಮೇಲ್ತುಟಿಯ ಮೇಲಿನ ಅಂಗೈಯಗಲವೂ ಇಲ್ಲದ ಜಾಗದಲ್ಲಿ ಉಸಿರು ತಾಗುವುದನ್ನಷ್ಟೇ ಗಮನಿಸಬೇಕಾದ ಮೊದಲ ಮೂರು ದಿನ, ಹನ್ನೆರಡು ವರ್ಷದ ಹಿಂದೆ ತಮ್ಮನೊಡನೆ ನಡೆದ ತೋಟದ ಪಾಲಿನ ಜಗಳವನ್ನು ನಾನು ಒಳಗೊಳಗೇ ಎಷ್ಟು ಸಲ ಆಡಿ ಗೆದ್ದೆನೋ ಲೆಕ್ಕವಿಲ್ಲ. ನಾಲ್ಕನೆಯ ದಿನ, ಮೈಯ ಸಂವೇದನೆಗಳನ್ನು ಗಮನಿಸುವ ವಿಪಶ್ಯನ ಆರಂಭವಾಗಿ, ಒಂದೊಂದು ಗಂಟೆ ಅಲುಗದೆ ಕೂರುವ ಅಧಿಷ್ಠಾನ ಬಂದಾಗ ಜಗಳದ ಜಾಗಕ್ಕೆ ಮಂಡಿನೋವು ಬಂತು. ನೋವನ್ನು ಓಡಿಸಲು ಹೋಗದೆ ಸುಮ್ಮನೆ ನೋಡುತ್ತಿದ್ದರೆ ಅದು ಒಂದೇ ಗಟ್ಟಿಯಾಗಿರದೆ ಏರಿಳಿಯುತ್ತದೆಂಬುದು ಆಗ ತಿಳಿಯಿತು.

ಅದರ ಉಪಯೋಗ ತಿಳಿದದ್ದು ಮಾತ್ರ ನಾನು ಕೆಲಸ ಮಾಡುವ ಬ್ಯಾಂಕಿನ ಕೌಂಟರಿನಲ್ಲಿ. ಪಿಂಚಣಿಯ ದಿನ ಸಾಲು ಬಾಗಿಲವರೆಗೆ ಬೆಳೆದಿದ್ದಾಗ ಹಿರಿಯರೊಬ್ಬರು ಪಾಸ್‌ಬುಕ್ಕನ್ನು ನನ್ನ ಮೇಜಿಗೆ ಎಸೆದರು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದಕ್ಕಿಂತ ಅರೆಕ್ಷಣ ಮೊದಲು ಕಿವಿ ಬಿಸಿಯಾಗಿ ಎದೆ ಬಿಗಿದದ್ದು ಗಮನಕ್ಕೆ ಬಂದು, ಒಂದು ಉಸಿರು ಹೊಳ್ಳೆಯನ್ನು ದಾಟುವಷ್ಟರಲ್ಲಿ ಆ ಉತ್ತರ ಬೇಡವಾಯಿತು. "ಕೂತ್ಕೊಳ್ಳಿ ಸಾರ್, ಎಂಟ್ರಿ ಹಾಕಿ ಕೊಡ್ತೀನಿ" ಎಂದೆ. ನನ್ನ ಪಾಲಿಗೆ ಒಳಗಿನ ಮೌನವೆಂದರೆ ಸದ್ಯಕ್ಕೆ ಇಷ್ಟೇ ಅಗಲದ್ದು, ಅದೂ ಹತ್ತರಲ್ಲಿ ನಾಲ್ಕು ಸಲ ಸಿಕ್ಕರೆ ಹೆಚ್ಚು.

ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಬೇಕೆಂಬ ಸಲಹೆ ಸಂಸಾರಸ್ಥರಿಗೆ ಭಾರವೆಂದೇ ನನ್ನ ಅಭಿಪ್ರಾಯ. ನನ್ನ ಸಂಜೆಯ ಗಂಟೆ ತೂಕಡಿಕೆಯಲ್ಲಿ ಕರಗಿ ಎರಡನೆಯ ತಿಂಗಳಲ್ಲೇ ನಿಂತುಹೋಯಿತು. ರಾತ್ರಿಯ ಪ್ರವಚನಗಳು ಸ್ವಾರಸ್ಯವಾಗಿದ್ದರೂ, ಪದ್ಧತಿ ಯಾವ ಪಂಥಕ್ಕೂ ಸೇರಿದ್ದಲ್ಲವೆನ್ನುತ್ತಲೇ ಬೌದ್ಧ ಪರಿಭಾಷೆಯಲ್ಲೇ ಸಾಗುತ್ತವೆ. ಇದು ಒಪ್ಪಿಗೆಯಾಗದವರು ಮೊದಲೇ ತಿಳಿದು ಹೋಗುವುದು ಒಳ್ಳೆಯದು. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ, ಅರ್ಜಿಯಲ್ಲಿ ಅದನ್ನು ಬರೆಯದೆ ಹೋಗಲೇಬಾರದು.

ಈಗ ಐದೂಕಾಲಕ್ಕೆ ಎದ್ದು ಅರ್ಧ ಗಂಟೆ ಕೂರುತ್ತೇನೆ. ಅಡುಗೆಮನೆಯಲ್ಲಿ ಕುಕ್ಕರ್ ಮೂರನೆಯ ಸೀಟಿ ಹಾಕಿದರೆ ಎದ್ದುಬಿಡುತ್ತೇನೆ, ಏಕೆಂದರೆ ಒಲೆ ಆರಿಸುವವರು ಬೇರೆ ಯಾರೂ ಇಲ್ಲ.