ಬಂಗಾರಪೇಟೆ–ಬೆಂಗಳೂರು ಮೆಮು ರೈಲು: ದಿನಾ ಓಡಾಡುವವರಿಗೆ ಎಷ್ಟು ಅನುಕೂಲ?

2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿತು. ಆಮೇಲೂ ಅಲ್ಲಿನ ಮನೆಗಳಿಗೆ ಬೀಗ ಬೀಳದಿರುವುದಕ್ಕೆ ಬೆಳಗಿನ ರೈಲುಗಳೇ ಮುಖ್ಯ ಕಾರಣ. ಮಾರಿಕುಪ್ಪಂ, ಬಂಗಾರಪೇಟೆ, ಟೇಕಲ್, ಮಾಲೂರುಗಳ ಜನ ಊರು ಬಿಡದೆ ಬೆಂಗಳೂರಿನಲ್ಲಿ ದುಡಿಯುತ್ತಾರೆ. ಇಲ್ಲದಿದ್ದರೆ ಅವರೂ ಕೆ.ಆರ್. ಪುರದ ಸುತ್ತಮುತ್ತ ಬಾಡಿಗೆ ಮನೆ ಹುಡುಕಬೇಕಿತ್ತು.

ವೇಗ ನೋಡಿ ಈ ರೈಲು ಹತ್ತಬೇಡಿ. ಬಂಗಾರಪೇಟೆಯಿಂದ ಮೆಜೆಸ್ಟಿಕ್‌ಗೆ ಸುಮಾರು 70 ಕಿ.ಮೀ.; ಎಲ್ಲ ಕಡೆ ನಿಲ್ಲುವ ಮೆಮುಗೆ (ಬೇರೆ ಎಂಜಿನ್ ಬೇಡದ ವಿದ್ಯುತ್ ಲೋಕಲ್ ರೈಲು) ಹತ್ತಿರಹತ್ತಿರ ಎರಡು ಗಂಟೆ ಹಿಡಿಯುತ್ತದೆ. ಮುಂಜಾನೆ ಐದಕ್ಕೆ ಹೊರಟರೆ ಬಸ್ಸೇ ವಾಸಿ ಅನ್ನಿಸೀತು. ಆದರೆ ಒಂಬತ್ತು ಗಂಟೆಯ ಟಿನ್ ಫ್ಯಾಕ್ಟರಿ ಜಂಕ್ಷನ್‌ನಲ್ಲಿ ಬಸ್ಸಿಗೆ ಇಪ್ಪತ್ತು ನಿಮಿಷವೂ ಆಗಬಹುದು, ಐವತ್ತೂ ಆಗಬಹುದು. ಮಳೆ ಬಂದರೆ ಕೇಳಲೇಬೇಡಿ. ರೈಲು ತಡವಾದರೂ ಆ ತಡಕ್ಕೊಂದು ಅಂದಾಜಿದೆ. ಶಿಫ್ಟ್‌ನಲ್ಲಿ ದುಡಿಯುವವರಿಗೆ ಅದೇ ದೊಡ್ಡದು.

ಎಲ್ಲಿ ಇಳಿಯುತ್ತೀರಿ ಅನ್ನುವುದರ ಮೇಲೆ ಅರ್ಧ ಲಾಭ ನಿಂತಿದೆ. ಐಟಿಪಿಎಲ್ ಕಡೆಯವರು ವೈಟ್‌ಫೀಲ್ಡ್‌ನಲ್ಲಿಳಿದು ಪಕ್ಕದಲ್ಲೇ ಇರುವ ಕಾಡುಗೋಡಿ ಮೆಟ್ರೋ ಹಿಡಿಯಬಹುದು. ಮೆಟ್ರೋದ ನೇರಳೆ ಮಾರ್ಗ ಇಲ್ಲಿಗೆ 2023ರಿಂದ ಇದೆ. ಹೊರವರ್ತುಲ ರಸ್ತೆಯ ಕಚೇರಿಗಳಿಗೆ ಕೆ.ಆರ್. ಪುರದಲ್ಲಿಳಿದು 500ಡಿ ಬಸ್. ಅಭ್ಯಾಸಬಲದಿಂದ ಕೊನೇವರೆಗೂ ಕೂತರೆ, ಕಂಟೋನ್ಮೆಂಟ್ ದಾಟಿದ ಮೇಲೆ ಪ್ಲಾಟ್‌ಫಾರಂ ಖಾಲಿಯಿಲ್ಲವೆಂದು ಔಟರ್‌ನಲ್ಲಿ, ಅಂದರೆ ನಿಲ್ದಾಣದ ಹೊರಗಿನ ಸಿಗ್ನಲ್‌ನಲ್ಲಿ, ನಿಲ್ಲುವ ಸಮಯವೂ ನಿಮ್ಮದೇ ಖಾತೆಗೆ.

ತಡವಾಗುವುದೇಕೆ? ವೈಟ್‌ಫೀಲ್ಡ್‌ನಿಂದಾಚೆಗೆ ಇರುವುದು ಎರಡೇ ಹಳಿ. ಚೆನ್ನೈ, ಕೇರಳದ ಎಕ್ಸ್‌ಪ್ರೆಸ್‌ಗಳು, ವಂದೇ ಭಾರತ್, ವೈಟ್‌ಫೀಲ್ಡ್ ಡಿಪೋದ ಕಂಟೇನರ್ ಗಾಡಿ, ದೇವನಗೊಂದಿಗೆ ಬರುವ ಪೆಟ್ರೋಲ್ ಟ್ಯಾಂಕರ್ ಗಾಡಿ ಎಲ್ಲವೂ ಅದರ ಮೇಲೇ. ಹಿಂದಿನಿಂದ ಎಕ್ಸ್‌ಪ್ರೆಸ್ ಬಂದರೆ ಮೆಮುವನ್ನು ಲೂಪ್ ಲೈನ್‌ಗೆ, ಅಂದರೆ ನಿಲ್ದಾಣದಲ್ಲಿ ಮುಖ್ಯ ಹಳಿಯಿಂದ ಕವಲೊಡೆಯುವ ಪಕ್ಕದ ಹಳಿಗೆ, ಹಾಕುತ್ತಾರೆ. ಲೂಪ್‌ಗೆ ತಿರುಗುವಾಗ ವೇಗ ಸಾಮಾನ್ಯವಾಗಿ ಗಂಟೆಗೆ 30 ಕಿ.ಮೀ.ಗೆ ಇಳಿಯಬೇಕು. ಒಳಗೆ ಬಂದು ನಿಂತು, ಎಕ್ಸ್‌ಪ್ರೆಸ್ ಹೋಗಿ, ಮುಂದಿನ ಸಿಗ್ನಲ್ ಸಿಕ್ಕಿ ಮತ್ತೆ ನಿಧಾನಕ್ಕೆ ಹೊರಡುವಷ್ಟರಲ್ಲಿ ಕಾಲು ಗಂಟೆ ಹೋಗಿರುತ್ತದೆ. ಇಂಥದ್ದು ಎರಡು ಸಲ ಆದರೆ ಪಂಚಿಂಗ್ ಟೈಮ್ ತಪ್ಪಿದಂತೆಯೇ. ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಆದರೂ ಮಾಲೂರಿನ ಕಡೆಯ ಈ ಕಾಟ ಹಾಗೇ ಉಳಿಯುತ್ತದೆ. ಉಪನಗರ ರೈಲು ಯೋಜನೆಯ 148 ಕಿ.ಮೀ.ಯಲ್ಲಿ ಕೆಂಗೇರಿಯಿಂದ ಬರುವ ಪಾರಿಜಾತ ಮಾರ್ಗವೂ ವೈಟ್‌ಫೀಲ್ಡ್‌ಗೇ ಮುಗಿಯುತ್ತದೆ. ನಿಜವಾಗಿ ಬೆಳೆಯುತ್ತಿರುವುದು ಅದರಾಚೆ ಅನ್ನುವುದನ್ನು ಯಾರಿಗೆ ಹೇಳೋಣ!

ಗಾಡಿ ಚೆನ್ನಾಗಿದೆ. ಎಂಟು ಬೋಗಿಯ ಮೆಮುವಿನ ಎರಡು ತುದಿಗೂ ಮೋಟಾರ್ ಬೋಗಿ ಇರುತ್ತದೆ. ಕೊನೇ ನಿಲ್ದಾಣ ಮಾರಿಕುಪ್ಪಂನಲ್ಲಿ ಎಂಜಿನ್ ಬಿಚ್ಚಿ ತಿರುಗಿಸುವ ರಗಳೆಯಿಲ್ಲ, ಸ್ಟೇಷನ್ ಬಿಟ್ಟ ತಕ್ಷಣ ವೇಗ ಹಿಡಿಯುತ್ತದೆ. ಹಳೇ ಮಾದರಿಯಲ್ಲಿ ತುದಿಯ ಬೋಗಿಯ ಒಂದು ಭಾಗವನ್ನು ಯಂತ್ರಗಳೇ ತಿಂದಿರುತ್ತವೆ. ಸೀಟು ಬೇಕಾದರೆ ಪ್ಲಾಟ್‌ಫಾರಂನ ತುದಿಯಲ್ಲಿ ನಿಲ್ಲಬೇಡಿ.

ತಿಂಗಳ ಪಾಸ್ 500 ರೂಪಾಯಿಯೊಳಗೆ ಬರುತ್ತದೆ. ಮೂರು ತಿಂಗಳದ್ದಕ್ಕೆ ಅದರ 2.7 ಪಟ್ಟು ಮಾತ್ರ, ಹಾಗಾಗಿ ಕೆಲಸ ಖಾಯಂ ಇರುವವರು ಅದನ್ನೇ ತೆಗೆಸಿ. ಮುಗಿಯುವ ಹತ್ತು ದಿನ ಮೊದಲೇ ನವೀಕರಿಸಬಹುದು. ಒಂದನೇ ತಾರೀಖಿನ ಕ್ಯೂ ತಪ್ಪುತ್ತದೆ. ಪಾಸ್ ಇದೆಯೆಂದು ರಿಸರ್ವೇಶನ್ ಬೋಗಿ ಹತ್ತುವಂತಿಲ್ಲ. ಸೂಪರ್‌ಫಾಸ್ಟ್‌ಗೆ ಪ್ರತ್ಯೇಕ ಸರ್‌ಚಾರ್ಜ್ ಕಟ್ಟಿರಬೇಕು. ದಂಡ ಬೀಳುವುದು ಬಹುತೇಕ ಇವೆರಡಕ್ಕೇ. ಮೊಬೈಲ್ ಪಾಸ್ ಆದರೆ ಆಪ್ ತೆರೆದೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ.

ಹೊತ್ತು ಗೊತ್ತುಪಡಿಸಿಕೊಂಡು ಹೋಗಿಬರುವವರಿಗೆ ಐದಕ್ಕೆ ನಾಲ್ಕು ಅಂಕ. ಮಧ್ಯಾಹ್ನ ಹೋಗಿ ರಾತ್ರಿ ಹಿಂತಿರುಗುವವರಿಗೆ ಎರಡು ಸಾಕು. ಆ ಹೊತ್ತಿನಲ್ಲಿ ಒಂದು ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು, ಭಾನುವಾರ ಕೆಲವು ಮೆಮು ಓಡುವುದೇ ಇಲ್ಲ. ಅಂಥವರು ಪಾಸ್ ತೆಗೆಸುವ ಮೊದಲು ವಾಪಸ್ ಗಾಡಿಗಳ ವೇಳೆ, ವಾರ ಎರಡನ್ನೂ ನೋಡಿಕೊಳ್ಳಲಿ.