ಕಮ್ಯೂನಿಟಿ ಲ್ಯಾಬಿನಲ್ಲಿ ಎರಡು ವರ್ಷ: ದೋಸೆ ಹಿಟ್ಟು ಗೆದ್ದಿತು, ಫ್ರೀಜರ್ ಸೋಲಿಸಿತು

ಫ್ರೀಜರ್ ವಿಷಯ ಮೊದಲು ಹೇಳಿಬಿಡ್ತೀನಿ. ಅದನ್ನ ಹೊರಗೆ ಹಾಕದೆ ನನಗೆ ಒಳ್ಳೇ ಮಾತು ಬರಲ್ಲ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಒಂದು ಕಮ್ಯೂನಿಟಿ ಬಯಾಲಜಿ ಲ್ಯಾಬಿಗೆ, ಅಂದ್ರೆ ಮೆಂಬರ್ ಆದ ಯಾರು ಬೇಕಾದ್ರೂ ಬಂದು ಪ್ರಯೋಗ ಮಾಡೋ ಲ್ಯಾಬಿಗೆ, ಎರಡು ವರ್ಷದಿಂದ ತಿಂಗಳಿಗೆ 100 ಡಾಲರ್ ಕಟ್ತಿದ್ದೀನಿ. ಹೆಸರು ಬೇಡ ಬಿಡಿ, ಪಾಪ, ನಡೆಸೋರೆಲ್ಲ ಸಂಬಳ ಇಲ್ಲದೆ ದುಡಿಯೋರು. ವಾರವೆಲ್ಲ ಕೋಡಿಂಗ್, ಪಿಯುಸಿಯಲ್ಲೇ ಕೈಬಿಟ್ಟ ಬಯಾಲಜಿಗೆ ಶನಿವಾರ. ಯಾವ ಯಾವ ಮೆಷಿನ್ ಇದೆ ಅನ್ನೋದು ಇಂಥ ಲ್ಯಾಬುಗಳ ಪಟ್ಟಿಯಲ್ಲೇ ಇರುತ್ತೆ, ನೋಡ್ಕೊಳ್ಳಿ. ಪಟ್ಟಿಯಲ್ಲಿ ಇಲ್ಲದ್ದು ಏನಂದ್ರೆ, ಡಿಎನ್‌ಎ ಕೆಲಸಕ್ಕೆ ಬೇಕಾದ ಎಂಜೈಮು ಪ್ರೈಮರುಗಳನ್ನ ಇಡೋದು ಯಾರೋ ದಾನ ಕೊಟ್ಟ ಮನೆಬಳಕೆಯ ಫ್ರಾಸ್ಟ್-ಫ್ರೀ ಫ್ರೀಜರಿನಲ್ಲಿ. ಮಂಜು ಕಟ್ಟದಿರಲಿ ಅಂತ ಅದರೊಳಗೆ ಆಗಾಗ ಒಂದು ಹೀಟರ್ ಹೊತ್ತಿಕೊಳ್ಳುತ್ತೆ. ಐಸ್‌ಕ್ರೀಮಿಗೆ ಏನಾಗಲ್ಲ. ಆದರೆ ಚಿಟಿಕೆಯಷ್ಟು ಡಿಎನ್‌ಟಿಪಿ ಇರೋ ಟ್ಯೂಬು ಕರಗಿ ಗಟ್ಟಿಯಾಗಿ, ಮತ್ತೆ ಕರಗಿ, ಕೊನೆಗೆ ಸತ್ವ ಕಳ್ಕೊಳ್ಳುತ್ತೆ. ಡಿಎನ್‌ಎ ಕಟ್ಟೋ ಇಟ್ಟಿಗೆ ಅದು. ಇಟ್ಟಿಗೆಯೇ ಪುಡಿಯಾದ್ರೆ ಮೇಸ್ತ್ರಿ ಏನು ಮಾಡ್ತಾನೆ?

ಮೂರು ಶನಿವಾರ ನನ್ನ ಪಿಸಿಆರ್, ಅಂದ್ರೆ ಡಿಎನ್‌ಎಯ ಒಂದು ತುಂಡನ್ನ ಲಕ್ಷಗಟ್ಟಲೆ ಕಾಪಿ ಮಾಡೋ ಕೆಲಸ, ಕೈಕೊಟ್ಟಿತು. ಕಾಪಿ ಬಂತಾ ಅಂತ ನೋಡೋ ಜೆಲ್ ಮೇಲೆ, ಅಳತೆಗೆ ಅಂತ ಹಾಕೋ ಲ್ಯಾಡರ್ ಬಿಟ್ಟರೆ ಬರೀ ಕತ್ತಲೆ. ಪಿಪೆಟ್ ಹಿಡಿಯೋದೇ ನನಗೆ ಬರಲ್ಲ ಅಂದ್ಕೊಂಡು ಮೆಂಬರ್‌ಶಿಪ್ ಬಿಡೋ ಮೇಲ್ ಕೂಡ ಬರೆದಿಟ್ಟಿದ್ದೆ. ಪಕ್ಕದ ಬೆಂಚಿನ ಹೈಸ್ಕೂಲ್ ಹುಡುಗಿಯೊಬ್ಬಳು ತನ್ನ ಟ್ಯೂಬು ಕೊಟ್ಟು, "ಇದನ್ನ ಹಾಕಿ ನೋಡಿ" ಅಂದಳು. ಅವಳು ತನ್ನದನ್ನೆಲ್ಲ ಫ್ರೀಜರ್ ಒಳಗೇ ಒಂದು ಥರ್ಮಾಕೋಲ್ ಡಬ್ಬಿಯಲ್ಲಿ ಇಡ್ತಿದ್ದಳು. ಅವತ್ತು ಲ್ಯಾಡರಿನ 1500ರ ಪಕ್ಕ, ನನಗೆ ಬೇಕಾದ ಉದ್ದಕ್ಕೇ, ಗೆರೆ ಬಂತು. ಮೇಲ್ ಡಿಲೀಟ್ ಮಾಡಿದೆ.

ನನ್ನ ಪ್ರಾಜೆಕ್ಟ್ ದೋಸೆ ಹಿಟ್ಟು. ರಾತ್ರಿಯಿಡೀ ಪಾತ್ರೆ ಉಕ್ಕಿಸೋರು ಯಾರು ಅಂತ ಬ್ಯಾಕ್ಟೀರಿಯಾಗಳ ಗುರುತಿನ ಚೀಟಿಯಂಥ 16ಎಸ್ ಜೀನ್ ಓದಿಸಿ ನೋಡೋದು. ಅದಕ್ಕೂ ಕಿರಿಕಿರಿ ಇತ್ತು: ಲ್ಯಾಬು ಬಯೋಸೇಫ್ಟಿ ಲೆವೆಲ್ ಒಂದರದ್ದು, ಅಂದ್ರೆ ರೋಗ ತರದ ಜೀವಿಗಳಿಗೆ ಮಾತ್ರ, ಹೊರಗಿಂದ ಗುರುತಿಲ್ಲದ ಸೂಕ್ಷ್ಮಜೀವಿ ತಂದು ಬೆಳೆಸೋ ಹಾಗಿಲ್ಲ. ತಿನ್ನೋ ಹಿಟ್ಟು ಸ್ವಾಮಿ ಅಂದ್ರೂ ಫಾರ್ಮು, ಎರಡು ವಾರ ಕಾಯೋದು. ಆಗ ಬೈದುಕೊಂಡೆ. ಈಗ ಬೈಯಲ್ಲ. ನಮ್ಮಂಥದ್ದೇ ಕಮ್ಯೂನಿಟಿ ಲ್ಯಾಬು, ಬ್ರೂಕ್ಲಿನ್‌ನ ಜೆನ್‌ಸ್ಪೇಸ್ 2010ರಲ್ಲಿ ಲ್ಯಾಬ್ ತೆರೆದಿತ್ತು. ಮರುವರ್ಷವೇ ಅಮೆರಿಕ, ಯುರೋಪಿನ ಡಿಐವೈಬಯೋ ಮಂದಿ, ಅಂದ್ರೆ ನನ್ನ ಹಾಗೆ ಹವ್ಯಾಸಕ್ಕೆ ಬಯಾಲಜಿ ಮಾಡೋರು, ತಮಗೆ ತಾವೇ ನೀತಿಸಂಹಿತೆ ಬರೆದುಕೊಂಡರು. ಹೈಸ್ಕೂಲ್ ಮಕ್ಕಳೂ ಬರೋ ಜಾಗದಲ್ಲಿ ಯಾವ ಬೂಷ್ಟಿನ ಪ್ಲೇಟನ್ನ ಯಾರು ತೆರೀತಾರೋ, ಯಾರಿಗೆ ಗೊತ್ತು.

ಇಷ್ಟಕ್ಕೂ ನನ್ನನ್ನ ಹಿಡಿದಿಟ್ಟಿರೋದು ಪ್ಲೇಟ್ ಹೊಯ್ಯೋ ಕೆಲಸ. ಬ್ಯಾಕ್ಟೀರಿಯಾ ಬೆಳೆಸೋಕೆ ಪ್ಲೇಟಿಗೆ ಹೊಯ್ಯೋ ಎಂಆರ್‌ಎಸ್ ಅಗರ್ ಅಂದ್ರೆ ಬೆಲ್ಲದ ಪಾಕದ ಬಣ್ಣ, ಆರಿದ್ರೆ ಗಟ್ಟಿಯಾಗುತ್ತೆ. ಇಲ್ಲಿ ಹಬೆಯಲ್ಲಿ ಕ್ರಿಮಿ ಕೊಲ್ಲೋ ಆಟೋಕ್ಲೇವ್ ಕೆಟ್ಟಾಗ ದೊಡ್ಡ ಪ್ರೆಶರ್ ಕುಕ್ಕರೇ ಗತಿ: 121 ಡಿಗ್ರಿ, ಇಪ್ಪತ್ತು ನಿಮಿಷ. ಇಳಿಸಿದ ಮೇಲೆ ಬಾಟ್ಲಿಯನ್ನ ಅಂಗೈಯಲ್ಲಿ ಹಿಡೀಬೇಕು. ಹಿಡಿಯೋಕಾಗದಿದ್ರೆ ಇನ್ನೂ ಬಿಸಿ, ಆರಾಮಾಗಿ ಹಿಡಿದರೆ ತಡವಾಯ್ತು, ಗಂಟು ಕಟ್ಟುತ್ತೆ. ನಡುವೆ ಎರಡು ನಿಮಿಷ ಸಿಗುತ್ತೆ. ಮುಚ್ಚಳ ಒಂದೇ ಕಡೆ ಎತ್ತಿ, ಗುಳ್ಳೆ ಬಾರದ ಹಾಗೆ ನಿಧಾನವಾಗಿ ಹೊಯ್ದು, ಪ್ಲೇಟನ್ನ ಮೇಜಿನ ಮೇಲೆ ಒಂದು ಸುತ್ತು ತಿರುಗಿಸೋದು. ಹೆಂಚಿನ ಮೇಲೆ ಹಿಟ್ಟು ಹರಡಿದ ಹಾಗೇ. ಇಪ್ಪತ್ತು ಪ್ಲೇಟ್ ಮುಗಿಯೋವರೆಗೆ ಯಾರೂ ಮಾತಾಡಲ್ಲ.

ಪ್ಲೇಟಿನಲ್ಲಿ ಬೆಳೆದ ಐದು ಕಾಲನಿ, ಅಂದ್ರೆ ಬ್ಯಾಕ್ಟೀರಿಯಾದ ಚುಕ್ಕೆಗಳನ್ನ, ಜೀನ್ ಓದಿಸೋಕೆ ಕಳಿಸಿದೆ. ನಾಲ್ಕು ಲ್ಯೂಕೊನೊಸ್ಟಾಕ್. ಉದ್ದು, ಅಕ್ಕಿಯ ಜೊತೆಗೇ ಬಂದು, ಇಂಗಾಲದ ಡೈಆಕ್ಸೈಡ್ ಬಿಟ್ಟು ಹಿಟ್ಟನ್ನ ಉಬ್ಬಿಸೋ ಬ್ಯಾಕ್ಟೀರಿಯಾ. ಐದನೇದು ಸ್ಟ್ಯಾಫಿಲೊಕಾಕಸ್, ಮನುಷ್ಯರ ಚರ್ಮದ ಮೇಲೆ ಸದಾ ಇರೋ ಕುಲ. ಪ್ರಾಯಶಃ ನನ್ನದೇ ಬೆರಳು. ಕೈ ಹಾಕಿ ಕಲಸಿದ್ರೇನೇ ಹಿಟ್ಟು ಹುದುಗೋದು ಅಂತಿದ್ದ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಕೈ ತೊಳ್ಕೊಂಡು ಕಲಸು ಅಂತಾನೂ ಹೇಳಿದ್ನಲ್ಲ" ಅಂದರು.

ಬಾಡಿಗೆ ಕಟ್ಟಿ ಉಳಿಯೋದು ಕಡಿಮೆ ಇರೋರಿಗೆ 100 ಡಾಲರ್ ಭಾರವೇ. ಮೊದಲು ಒಂದು ದಿನದ ಕ್ಲಾಸ್ ಮಾಡಿ ನೋಡಿ. ತಿಂಗಳಿಗೆ ನಾಲ್ಕು ದಿನ ಹೋಗೋದಾದ್ರೆ ಮಾತ್ರ ಮೆಂಬರ್ ಆಗಿ. ನಾನು ಇನ್ನೂ ಆರು ತಿಂಗಳಿಗೆ ಕಟ್ಟಿದ್ದೀನಿ. ಫ್ರೀಜರ್ ಅದೇ ಇದೆ. ಎರಡನೇ ಶೆಲ್ಫಿನ ಥರ್ಮಾಕೋಲ್ ಡಬ್ಬಿ ನನ್ನದು, ಹೆಸರು ಕನ್ನಡದಲ್ಲಿ ಬರೆದಿದ್ದೀನಿ. ಓದೋಕೆ ಬರದ್ದನ್ನ ಇಲ್ಲಿ ಯಾರೂ ಮುಟ್ಟಲ್ಲ.